ಕಟ್ಟಡದ ದೀಪಾಲಂಕಾರಕ್ಕೂ ಮಿತಿ: ಸಿಯೋಲ್ ನಗರ ಹೊಳಪನ್ನು ಅಳೆಯುವ ಬಗೆ

ಕಟ್ಟಡದ ಮುಂಭಾಗದ ದೀಪಾಲಂಕಾರ ಅತಿಯಾಯಿತು ಎಂದು ದೂರು ಬಂದಾಗ ಪಾಲಿಕೆಯ ಎಂಜಿನಿಯರ್‌ಗೆ ಎದುರಾಗುವ ಮೊದಲ ತೊಡಕು ಕಾನೂನಿನದಲ್ಲ, ಅಳತೆಯದು. ಕಣ್ಣು ಕುಕ್ಕುತ್ತಿದೆ ಎನ್ನುತ್ತಾರೆ ಎದುರು ಮನೆಯವರು. ನಮ್ಮದೇನು ಮಹಾ, ಪಕ್ಕದ ಚಿನ್ನದಂಗಡಿ ನೋಡಿ ಎನ್ನುತ್ತಾರೆ ಮಾಲೀಕರು. ಇಬ್ಬರ ಮಾತೂ ಸುಳ್ಳಲ್ಲ. ತೀರ್ಮಾನಕ್ಕೆ ಒಂದು ಸಂಖ್ಯೆ ಬೇಕು. ಆ ಸಂಖ್ಯೆಯನ್ನು ಎಲ್ಲಿ ನಿಂತು, ಯಾವ ಹೊತ್ತಿಗೆ, ಎಂಥ ಉಪಕರಣ ಹಿಡಿದು ತೆಗೆಯಬೇಕು ಎಂಬ ವಿಧಾನ ಅದಕ್ಕಿಂತ ಹೆಚ್ಚಾಗಿ ಬೇಕು. ವಿಧಾನವಿಲ್ಲದ ಸಂಖ್ಯೆ ಮೊದಲ ತಕರಾರಿಗೇ ಬಿದ್ದುಹೋಗುತ್ತದೆ.

ಅಲಂಕಾರದ ದೀಪಕ್ಕೆಂದೇ ಪ್ರತ್ಯೇಕ ಮಿತಿ ಹಾಕಿ, ಅದನ್ನು ವಲಯವಾರು ಜಾರಿಗೆ ತಂದ ಮಹಾನಗರಗಳು ಹೆಚ್ಚಿಲ್ಲ. ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್ ಅವುಗಳಲ್ಲಿ ಒಂದು. ನಗರಾಡಳಿತ 2010ರಲ್ಲೇ ಬೆಳಕಿನ ಮಾಲಿನ್ಯದ ಬಗ್ಗೆ ತನ್ನದೇ ಉಪವಿಧಿ ಮಾಡಿಕೊಂಡಿತು. ಬಳಿಕ ಇಡೀ ದೇಶಕ್ಕೆ ಅನ್ವಯವಾಗುವ ಕಾಯ್ದೆ ಬಂತು. ಅದು ಜಾರಿಯಾದದ್ದು 2013ರ ಫೆಬ್ರುವರಿಯಲ್ಲಿ. ಕಾಯ್ದೆ ಮಿತಿಗಳನ್ನು ಹೇಳುತ್ತದೆ, ಆದರೆ ಯಾವ ಪ್ರದೇಶ ಯಾವ ವಲಯಕ್ಕೆ ಸೇರಬೇಕು ಎಂದು ಗುರುತಿಸುವ ಅಧಿಕಾರ ಮೇಯರ್ ಮತ್ತು ಪ್ರಾಂತ್ಯದ ಮುಖ್ಯಸ್ಥರದು. ವಲಯ ಗುರುತಿಸದ ಊರಿನಲ್ಲಿ ಮಿತಿ ಕಾಗದದ ಮೇಲಷ್ಟೇ ಇರುತ್ತದೆ. ಸಿಯೋಲ್ ತನ್ನ ವಲಯಗಳನ್ನು ಘೋಷಿಸಿದ್ದು 2015ರ ಆಗಸ್ಟ್‌ನಲ್ಲಿ.

ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು. 2000ದ ಆ ನಿಯಮಗಳಲ್ಲಿ ಕೈಗಾರಿಕೆ, ವಾಣಿಜ್ಯ, ವಸತಿ, ನಿಶ್ಶಬ್ದ ಎಂಬ ನಾಲ್ಕು ವಲಯಗಳಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಕೊರಿಯಾದ ಬೆಳಕಿನ ಕಾಯ್ದೆಯಲ್ಲೂ ನಾಲ್ಕೇ ವಲಯ. ಒಂದನೆಯದು ಸಂರಕ್ಷಿತ ಹಸಿರು ಪ್ರದೇಶ, ಎರಡನೆಯದು ಕೃಷಿ ಮತ್ತು ಸಾಮಾನ್ಯ ಹಸಿರು ಪ್ರದೇಶ, ಮೂರನೆಯದು ವಸತಿ, ನಾಲ್ಕನೆಯದು ವಾಣಿಜ್ಯ ಮತ್ತು ಕೈಗಾರಿಕೆ.

ದೀಪಗಳಲ್ಲೂ ಮೂರು ಬಗೆ ಮಾಡಲಾಗಿದೆ: ಬೀದಿದೀಪದಂಥ ಸ್ಥಳದ ಬೆಳಕು, ಜಾಹೀರಾತು ಬೆಳಕು, ಅಲಂಕಾರದ ಬೆಳಕು. ಮೂರನೆಯದರೊಳಗೆ ಬರುವುದು ಎಲ್ಲ ಕಟ್ಟಡಗಳಲ್ಲ. ಐದು ಅಂತಸ್ತು ಅಥವಾ ಅದಕ್ಕಿಂತ ಎತ್ತರದವು, ಇಲ್ಲವೇ ಒಟ್ಟು 2,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ವಿಸ್ತೀರ್ಣದವು, ಹೋಟೆಲ್ ಲಾಡ್ಜ್‌ಗಳು, ಮನರಂಜನೆಯ ತಾಣಗಳು, ಸೇತುವೆಗಳು ಸೇರುತ್ತವೆ. ಮೂಲೆಯ ಬೇಕರಿಯವರು ಬಾಗಿಲಿಗೆ ಸುತ್ತಿದ ಸೀರಿಯಲ್ ಸೆಟ್ ಈ ಲೆಕ್ಕಕ್ಕಿಲ್ಲ. ಇದು ಸರಿಯಾದ ತೀರ್ಮಾನವೇ. ಅದನ್ನೂ ಹಿಡಿಯಲು ಹೋದರೆ ಅಳೆಯುವ ಸಿಬ್ಬಂದಿ ವರ್ಷವಿಡೀ ಬೇಕರಿಗಳ ಮುಂದೆಯೇ ನಿಲ್ಲಬೇಕಾಗುತ್ತದೆ.

ವ್ಯಾಟ್ ಅಲ್ಲ, ಲಕ್ಸ್ ಕೂಡ ಅಲ್ಲ

ಮಿತಿಯನ್ನು ವ್ಯಾಟ್‌ನಲ್ಲಿ ಬರೆದರೆ ಎಲ್‌ಇಡಿ ಬಂದ ದಿನವೇ ಅದು ಸತ್ತಿತು. ಹಳೆಯ ಬಲ್ಬಿನ 100 ವ್ಯಾಟ್ ಕೊಡುತ್ತಿದ್ದ ಬೆಳಕನ್ನು ಈಗ ಹದಿಮೂರು ಹದಿನೈದು ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಲೂಮೆನ್ ಎಂದರೆ ದೀಪ ಒಟ್ಟಾರೆ ಹೊರಸೂಸುವ ಬೆಳಕು, ಅದು ಎತ್ತ ಹೋಯಿತು ಎಂಬುದನ್ನು ಹೇಳುವುದಿಲ್ಲ. ಲಕ್ಸ್ ಎಂದರೆ ಒಂದು ಮೈಮೇಲೆ ಬಂದು ಬೀಳುವ ಬೆಳಕು. ಆದರೆ ದಾರಿಹೋಕರ ಕಣ್ಣಿಗೆ ಕಾಣುವುದು ಗೋಡೆಯ ಮೇಲೆ ಬಿದ್ದ ಬೆಳಕಲ್ಲ, ಗೋಡೆಯಿಂದ ಹೊರಟು ಅವರ ಕಡೆ ಬರುವ ಬೆಳಕು. ಅದನ್ನು ಹೊಳಪು ಎನ್ನೋಣ. ಅದರ ಅಳತೆ ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಮಾನ) ಎಂದು. ಎಲ್‌ಇಡಿ ವ್ಯಾಪಾರದವರ ಬಾಯಲ್ಲಿ ಇದೇ ನಿಟ್.

ಕೊರಿಯಾದ ಕಾಯ್ದೆ ಅಲಂಕಾರದ ಬೆಳಕಿಗೆ ಎರಡು ಮಿತಿ ಹಾಕುತ್ತದೆ. ಮುಂಭಾಗದ ಸರಾಸರಿ ಹೊಳಪು ಒಂದನೆಯ ಮತ್ತು ಎರಡನೆಯ ವಲಯದಲ್ಲಿ 5 ನಿಟ್, ವಸತಿ ವಲಯದಲ್ಲಿ 15, ವಾಣಿಜ್ಯ ವಲಯದಲ್ಲಿ 25 ದಾಟುವಂತಿಲ್ಲ. ಯಾವುದೇ ಒಂದು ಜಾಗದ ಗರಿಷ್ಠ ಹೊಳಪು ನಾಲ್ಕು ವಲಯಗಳಲ್ಲಿ ಕ್ರಮವಾಗಿ 20, 60, 180 ಮತ್ತು 300 ನಿಟ್ ಮೀರಬಾರದು. ಸೂರ್ಯ ಮುಳುಗಿ 60 ನಿಮಿಷ ಕಳೆದ ಮೇಲಿಂದ ಸೂರ್ಯೋದಯಕ್ಕೆ 60 ನಿಮಿಷ ಮೊದಲಿನವರೆಗೆ ಇದು ಅನ್ವಯ. ಬೆಳಕು ಮತ್ತು ದೀಪಗಳ ಅಂತಾರಾಷ್ಟ್ರೀಯ ಆಯೋಗ 2017ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲೂ ನಗರ ಕೇಂದ್ರದ ಕಟ್ಟಡಕ್ಕೆ 25 ನಿಟ್ ಸರಾಸರಿಯೇ ಇದೆ. ಊರಂಚಿನ ಬಡಾವಣೆಗಳಿಗೆ ಅದು ಇನ್ನೂ ಬಿಗಿ, 10 ನಿಟ್.

ಸರಾಸರಿಯೊಂದನ್ನೇ ಇಟ್ಟಿದ್ದರೆ ಏನಾಗುತ್ತಿತ್ತು? ಹತ್ತು ಮಹಡಿಯ ಕತ್ತಲೆ ಗೋಡೆಯ ಮೇಲೆ ಒಂದೇ ಒಂದು ಕುರುಡುಗಟ್ಟಿಸುವ ಪಟ್ಟಿ ಎಳೆದು, ಸರಾಸರಿ ಕಡಿಮೆಯಿದೆ ನೋಡಿ ಎಂದು ತೋರಿಸಬಹುದಿತ್ತು. ಗರಿಷ್ಠವೊಂದನ್ನೇ ಇಟ್ಟಿದ್ದರೆ ಇಡೀ ಗೋಡೆಯನ್ನು 299 ನಿಟ್‌ಗೆ ಬೆಳಗಿಸಬಹುದಿತ್ತು. ಎರಡೂ ಒಟ್ಟಿಗಿದ್ದಾಗಲೇ ವಿನ್ಯಾಸಕಾರರಿಗೆ ಆಟವಾಡಲು ಜಾಗ ಉಳಿದೂ ಮಿತಿ ಮಿತಿಯಾಗಿ ನಿಲ್ಲುತ್ತದೆ.

ಫ್ಲಡ್‌ಲೈಟ್ ಹಾಕಿದ ಗೋಡೆಯ ಲೆಕ್ಕ ಸುಲಭ. ಹೊಳಪೆಂದರೆ ಗೋಡೆಯ ಮೇಲೆ ಬೀಳುವ ಲಕ್ಸ್‌ ಅನ್ನು ಗೋಡೆ ಹಿಂದಿರುಗಿಸುವ ಪಾಲಿನಿಂದ ಗುಣಿಸಿ, 3.14ರಿಂದ ಭಾಗಿಸಿದ್ದು. ತಿಳಿ ಬಣ್ಣದ ಗೋಡೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 70ರಷ್ಟನ್ನು ಹಿಂದಿರುಗಿಸುತ್ತದೆ ಎಂದುಕೊಳ್ಳಿ. ವಸತಿ ವಲಯದ 15 ನಿಟ್ ತಲುಪಲು 67 ಲಕ್ಸ್ ಸಾಕು. ಶೇ. 15ರಷ್ಟನ್ನೇ ಹಿಂದಿರುಗಿಸುವ ಕಪ್ಪು ಗ್ರಾನೈಟ್ ಹೊದಿಸಿದ ಗೋಡೆಗಾದರೆ 314 ಲಕ್ಸ್ ಬೇಕು. ಹತ್ತು ಮೀಟರ್ ಅಗಲ, ಹತ್ತು ಮೀಟರ್ ಎತ್ತರದ ತಿಳಿ ಬಣ್ಣದ ಗೋಡೆಗೆ ಗೋಡೆ ಮುಟ್ಟಬೇಕಾದದ್ದು 6,700 ಲೂಮೆನ್. ಅರ್ಧದಷ್ಟು ಬೆಳಕು ಆಚೀಚೆ ಸೋರಿಹೋಗುತ್ತದೆ ಎಂದು ಹಿಡಿದರೂ 13,400 ಲೂಮೆನ್, ಅಂದರೆ ವ್ಯಾಟಿಗೆ 100 ಲೂಮೆನ್ ಕೊಡುವ ಎಲ್‌ಇಡಿಯಲ್ಲಿ ಬರೀ 134 ವ್ಯಾಟ್. ಇಷ್ಟು ಗೋಡೆಗೆ 200 ವ್ಯಾಟಿನ ನಾಲ್ಕು ಫ್ಲಡ್‌ಲೈಟ್ ಬೇಕೆಂದು ಮಾರಾಟಗಾರ ಹೇಳಿದರೆ ಅದು ಆರು ಪಟ್ಟು ಹೆಚ್ಚು.

ಇದೇ ಲೆಕ್ಕದಲ್ಲಿ ಒಂದು ಬಲೆಯೂ ಇದೆ. ಕಪ್ಪು ಗೋಡೆಗೆಂದು 314 ಲಕ್ಸ್ ಹೊಂದಿಸಿದ ಕಟ್ಟಡಕ್ಕೆ ಹೊಸ ಮಾಲೀಕರು ಬಿಳಿ ಹೊದಿಕೆ ಹಾಕಿಸಿದರೆ ಹೊಳಪು 70 ನಿಟ್‌ಗೆ ಜಿಗಿಯುತ್ತದೆ. ದೀಪ ಮುಟ್ಟಿಲ್ಲ, ಸ್ವಿಚ್ ಮುಟ್ಟಿಲ್ಲ, ನಿಯಮ ಮಾತ್ರ ಮುರಿದಿದೆ. ಇನ್ನು ಗಾಜಿನ ಮುಂಭಾಗಕ್ಕೆ ಈ ಸೂತ್ರ ನಡೆಯುವುದೇ ಇಲ್ಲ. ಗಾಜು ಬೆಳಕನ್ನು ಚದುರಿಸದೆ ಕನ್ನಡಿಯ ಹಾಗೆ ಒಂದೇ ದಿಕ್ಕಿಗೆ ಎಸೆಯುತ್ತದೆ. ಕೆಳಗಿನಿಂದ ಹಾಯಿಸಿದ ಬೆಳಕು ನೇರ ಆಕಾಶಕ್ಕೆ ಹೋಗುತ್ತದೆ, ಎದುರಿಗೆ ನಿಂತು ನೋಡುವವರಿಗೆ ಗೋಡೆ ಕತ್ತಲಾಗಿಯೇ ಕಾಣುತ್ತದೆ. ಆಗ ಮಾಲೀಕರು ಇನ್ನೆರಡು ಫ್ಲಡ್‌ಲೈಟ್ ಸೇರಿಸುತ್ತಾರೆ.

ಚುಕ್ಕಿ ದೀಪದ ತಕರಾರು

ಈಗಿನ ದೀಪಾಲಂಕಾರದಲ್ಲಿ ಫ್ಲಡ್‌ಲೈಟ್‌ಗಿಂತ ಹೆಚ್ಚು ಕಾಣುವುದು ನೇರ ಕಣ್ಣಿಗೆ ಬೀಳುವ ಎಲ್‌ಇಡಿ ಪಟ್ಟಿ ಮತ್ತು ಚುಕ್ಕಿಗಳು. ನಿಜವಾದ ಜಗಳ ಇರುವುದು ಇಲ್ಲಿ.

ಮೂರು ಸೆಂಟಿಮೀಟರ್ ಅಗಲದ ಒಂದು ಚುಕ್ಕಿ 100 ಲೂಮೆನ್ ಕೊಡುತ್ತದೆ ಎಂದುಕೊಳ್ಳೋಣ. ಆ ಪುಟ್ಟ ಮೈಯ ಹೊಳಪು ಅಂದಾಜು 45,000 ನಿಟ್. 300 ನಿಟ್‌ನ ಮಿತಿಗೆ ಹೋಲಿಸಿದರೆ ಇದು 150 ಪಟ್ಟು. ಹಾಗಾದರೆ ಇಂಥ ಎಲ್ಲ ಅಲಂಕಾರವೂ ಕಾನೂನುಬಾಹಿರವೇ? ಅದು ಮೀಟರ್ ಎಷ್ಟು ಅಗಲದ ಜಾಗವನ್ನು ಒಮ್ಮೆಗೆ ನೋಡುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ಡಿಗ್ರಿ ನೋಟದ ಮೀಟರ್ ಹಿಡಿದು 50 ಮೀಟರ್ ದೂರದಿಂದ ಅಳೆದರೆ ಅದು 87 ಸೆಂಟಿಮೀಟರ್ ಅಗಲದ ವೃತ್ತವನ್ನು ನೋಡುತ್ತದೆ. ಚುಕ್ಕಿಯ ಹೊಳಪು ಸುತ್ತಲಿನ ಕತ್ತಲೆಯೊಂದಿಗೆ ಬೆರೆತು ಮೀಟರ್ ಸುಮಾರು 53 ನಿಟ್ ತೋರಿಸುತ್ತದೆ: ಪಾಸ್. ಅದೇ ಜಾಗದಲ್ಲಿ ನಿಂತು 0.2 ಡಿಗ್ರಿ ನೋಟದ ಮೀಟರ್ ಹಿಡಿದರೆ ವೃತ್ತ 17 ಸೆಂಟಿಮೀಟರಿಗೆ ಇಳಿಯುತ್ತದೆ, ಅಂಕಿ 1,300 ದಾಟುತ್ತದೆ: ಫೇಲ್. ದೀಪ ಅದೇ, ರಾತ್ರಿ ಅದೇ, ಅಧಿಕಾರಿಯೂ ಅವರೇ.

ಆದ್ದರಿಂದಲೇ ಗರಿಷ್ಠ 300 ನಿಟ್ ಎಂಬ ಒಂದು ಸಾಲನ್ನು ಬೇರೆ ಊರಿನಿಂದ ನಕಲು ಮಾಡಿಕೊಂಡರೆ ಏನೂ ಸಿಗುವುದಿಲ್ಲ. ಮೀಟರಿನ ನೋಟದ ಕೋನ, ನಿಲ್ಲುವ ದೂರ, ಕಟ್ಟಡದ ಯಾವ ಭಾಗವನ್ನು ಸರಾಸರಿಗೆ ಸೇರಿಸಬೇಕು, ಕಿಟಕಿಗಳೊಳಗಿನ ಟ್ಯೂಬ್‌ಲೈಟನ್ನು ಬಿಡಬೇಕೇ ಎಂಬುದೆಲ್ಲ ಬರಹದಲ್ಲಿರಬೇಕು. ಕೊರಿಯಾದಲ್ಲಿ ಇದಕ್ಕೆ ಸರ್ಕಾರದ ಪ್ರತ್ಯೇಕ ಪರೀಕ್ಷಾ ವಿಧಾನವೇ ಇದೆ. ಇಡೀ ಮುಂಭಾಗವನ್ನು ಒಂದೇ ಚಿತ್ರದಲ್ಲಿ ಹಿಡಿದು ಪ್ರತಿ ಬಿಂದುವಿನ ಹೊಳಪನ್ನೂ ಕೊಡುವ ಅಳತೆ ಕ್ಯಾಮೆರಾ ಈ ಕೆಲಸಕ್ಕೆ ಅತ್ಯುತ್ತಮ. ಸಾಧಾರಣ ಮೊಬೈಲ್ ಕ್ಯಾಮೆರಾ ಮತ್ತು ಅದರ ಆ್ಯಪ್‌ಗಳು ಸಾಲವು. ಮೊಬೈಲು ಕತ್ತಲಿಗೆ ತಕ್ಕಂತೆ ತಾನೇ ಬೆಳಕನ್ನು ಹಿಗ್ಗಿಸಿ ತೋರಿಸುವುದರಿಂದ ಆ ಚಿತ್ರ ದೂರಿಗೆ ಲಗತ್ತಿಸಲು ಸರಿ, ದಂಡ ಹಾಕಲು ಅಲ್ಲ.

ಅಳತೆಯಲ್ಲಿ ಕೈಕೊಡುವ ಇನ್ನೆರಡು ಸಂಗತಿಗಳಿವೆ. ಎಲ್‌ಇಡಿಯನ್ನು ಮಂದಗೊಳಿಸುವ ಬಹುಪಾಲು ಅಗ್ಗದ ಕಂಟ್ರೋಲರ್‌ಗಳು ನಿಜಕ್ಕೂ ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಮೀಟರು ಬೆಳಕನ್ನು ಸೇರಿಸಿಕೊಳ್ಳುವ ಅವಧಿ ತೀರಾ ಚಿಕ್ಕದಾದರೆ ಪ್ರತಿ ಸಲವೂ ಬೇರೆ ಅಂಕಿ ಬರುತ್ತದೆ. ಇನ್ನೊಂದು, ನೀಲಿ. ಮೀಟರುಗಳು ಹಗಲುಗಣ್ಣಿನ ಸಂವೇದನೆಗೆ ಹೊಂದಿಸಿದವು. ಕಡು ನೀಲಿ ಎಲ್‌ಇಡಿಗೆ ಅವು ಕಡಿಮೆ ಅಂಕಿ ಕೊಡುತ್ತವೆ, ಕತ್ತಲಿಗೆ ಹೊಂದಿಕೊಂಡ ಕಣ್ಣು ಮಾತ್ರ ಅದರಿಂದ ಹೆಚ್ಚೇ ಕಿರಿಕಿರಿಪಡುತ್ತದೆ. ಕಾನೂನಿನ ಪ್ರಕಾರ ಸರಿಯಿದ್ದೂ ಸಹಿಸಲಾಗದ ನೀಲಿ ಗೋಡೆಗಳಿಗೆ ಒಂದು ಕಾರಣ ಇದು.

ಪರದೆಗಳ ವಿಷಯದಲ್ಲಿ ಸಿಯೋಲ್ ಧಾರಾಳಿ

ಚಲಿಸುವ ಚಿತ್ರದ ಎಲ್‌ಇಡಿ ಪರದೆ ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತದೆ. ವಾಣಿಜ್ಯ ವಲಯದಲ್ಲಿ ಮಧ್ಯರಾತ್ರಿಯವರೆಗೆ ಸರಾಸರಿ 1,500 ನಿಟ್, ಆಮೇಲೆ 1,000. ವಸತಿ ವಲಯದಲ್ಲಿ 1,000 ಮತ್ತು 800. ಅಲಂಕಾರಕ್ಕೆ 25 ನಿಟ್ ಎಂದು ಕೈ ಬಿಗಿಹಿಡಿದ ಕಾಯ್ದೆ ಪರದೆಗೆ ಅದರ ಅರವತ್ತು ಪಟ್ಟು ಕೊಡುತ್ತದೆ. ಇದನ್ನು ಸಮರ್ಥಿಸುವುದು ಕಷ್ಟ. ಇದೇ ನಗರದ ಸಂಸಂಗ್-ದೊಂಗ್‌ನ ಕೋಎಕ್ಸ್ ಪ್ರದೇಶವನ್ನು 2016ರಲ್ಲಿ ಜಾಹೀರಾತು ಪರದೆಗಳನ್ನು ಮುಕ್ತವಾಗಿ ಹಾಕಬಹುದಾದ ವಲಯವೆಂದು ಘೋಷಿಸಲಾಯಿತು. 2023ರ ಕೊನೆಗೆ ಮ್ಯೋಂಗ್‌ದೊಂಗ್ ಮತ್ತು ಗ್ವಾಂಗ್‌ಹ್ವಾಮುನ್ ಚೌಕವೂ ಆ ಪಟ್ಟಿಗೆ ಸೇರಿದವು. ಒಂದು ಕೈಯಲ್ಲಿ ಮೀಟರು, ಇನ್ನೊಂದರಲ್ಲಿ ಪರವಾನಗಿ.

ಪರದೆಯ ಮಿತಿಗೆ ಅಮೆರಿಕದ ಊರುಗಳು ಹಿಡಿದಿರುವ ದಾರಿ ಹೆಚ್ಚು ಚೊಕ್ಕ. ಜಾಹೀರಾತಿನ ಸರ್ಚ್‌ಲೈಟ್‌ಗಳಿಗೆ ಅರಿಜೋನಾದ ಫ್ಲಾಗ್‌ಸ್ಟಾಫ್ 1958ರಲ್ಲೇ ಕಡಿವಾಣ ಹಾಕಿದ ದೇಶವದು. ಅಲ್ಲಿನ ಫಲಕ ಉದ್ಯಮದ ಸಂಘವೇ ಸೂಚಿಸಿರುವ, ಅನೇಕ ಊರುಗಳ ಉಪವಿಧಿಗಳಲ್ಲಿ ಸೇರಿರುವ ನಿಯಮ ಹೀಗಿದೆ: ಪರದೆ ಹೊತ್ತಿದಾಗ ಸುತ್ತಲಿನ ಬೆಳಕಿಗಿಂತ 0.3 ಫುಟ್‌ಕ್ಯಾಂಡಲ್, ಅಂದರೆ ಸುಮಾರು 3.2 ಲಕ್ಸ್‌ಗಿಂತ ಹೆಚ್ಚು ಸೇರಬಾರದು. ಎಲ್ಲಿ ನಿಂತು ಅಳೆಯಬೇಕು? ಪರದೆಯ ವಿಸ್ತೀರ್ಣದ ವರ್ಗಮೂಲದ ಹತ್ತರಷ್ಟು ದೂರದಲ್ಲಿ. 16 ಚದರ ಮೀಟರಿನ ಪರದೆಗೆ 40 ಮೀಟರ್. 100 ಚದರ ಅಡಿಯ ಪರದೆಗೆ 100 ಅಡಿ. ಮೊದಲು ಪರದೆ ಆರಿಸಿ ಅಥವಾ ಪೂರ್ತಿ ಕಪ್ಪಾಗಿಸಿ ಒಂದು ಅಳತೆ, ಆಮೇಲೆ ಪೂರ್ತಿ ಬಿಳಿಯಾಗಿಸಿ ಇನ್ನೊಂದು. ಎರಡರ ನಡುವಣ ವ್ಯತ್ಯಾಸವೇ ಉತ್ತರ. ಬೀದಿದೀಪ, ಪಕ್ಕದ ಅಂಗಡಿ, ಚಂದ್ರ ಎಲ್ಲವೂ ಕಳೆಯುವ ಲೆಕ್ಕದಲ್ಲಿ ತಾವಾಗಿ ಹೊರಹೋಗುತ್ತವೆ.

ಆ ದೂರದ ಸೂತ್ರದಲ್ಲಿ ಜಾಣತನವಿದೆ. ದೂರವನ್ನು ವಿಸ್ತೀರ್ಣಕ್ಕೆ ಹೀಗೆ ಕಟ್ಟಿಹಾಕಿದಾಗ ಪರದೆ ದೊಡ್ಡದಾಗಲಿ ಚಿಕ್ಕದಾಗಲಿ, ಮೀಟರಿಗೆ ಬೀಳುವ ಲಕ್ಸ್ ಎಂದರೆ ಪರದೆಯ ನಿಟ್‌ನ ನೂರನೇ ಒಂದು ಭಾಗ. 3.2 ಲಕ್ಸ್ ಎಂದರೆ ಸರಿಸುಮಾರು 320 ನಿಟ್. ದುಬಾರಿ ಹೊಳಪು ಮೀಟರಿಲ್ಲದೆ ಸಾಧಾರಣ ಲಕ್ಸ್ ಮೀಟರಿನಲ್ಲೇ ಕೆಲಸ ಮುಗಿಯುತ್ತದೆ. ಪೂರ್ತಿ ಬಿಳಿ ತೋರಿಸುವಂತೆ ಪರದೆಯ ನಿರ್ವಾಹಕರನ್ನು ಒಪ್ಪಿಸುವುದೊಂದೇ ಕಷ್ಟ. ಕಪ್ಪು ಹಿನ್ನೆಲೆಯ ಜಾಹೀರಾತು ಓಡುತ್ತಿರುವಾಗ ಬಂದು ಅಳೆಯಿರಿ ಎನ್ನುವುದು ಅವರ ಮಾಮೂಲು ಉತ್ತರ. ಪರೀಕ್ಷೆಗೆ ಬಿಳಿ ಪರದೆ ತೋರಿಸಬೇಕೆಂಬ ಷರತ್ತು ಪರವಾನಗಿಯಲ್ಲೇ ಇದ್ದರೆ ಈ ವಾದಕ್ಕೆ ಎಡೆಯಿಲ್ಲ.

ಪರದೆಗಳು ರಾತ್ರಿ ಉರಿಯುವುದಕ್ಕೆ ಮಾಲೀಕರ ಹಟವೊಂದೇ ಕಾರಣವಲ್ಲ. ಬಿಸಿಲಿನಲ್ಲಿ ಕಾಣಬೇಕಾದ ಪರದೆಗೆ 5,000 ನಿಟ್ ಅಥವಾ ಅದಕ್ಕೂ ಹೆಚ್ಚು ಬೇಕು. ರಾತ್ರಿ 300ಕ್ಕೆ ಇಳಿಸುವುದೆಂದರೆ ಶೇ. 6ಕ್ಕೆ ಇಳಿಸಿದಂತೆ. ಹಳೆಯ ಕಂಟ್ರೋಲರ್‌ಗಳಲ್ಲಿ ಇಷ್ಟು ಇಳಿಸಿದಾಗ ಬಣ್ಣದ ಸೂಕ್ಷ್ಮ ಮಟ್ಟಗಳು ಕಳೆದುಹೋಗಿ ಮುಖಗಳ ಮೇಲೆ ಕಲೆ ಕಲೆಯಾಗಿ ಕಾಣುತ್ತದೆ. ನಿರ್ವಾಹಕರು ಶೇ. 20ಕ್ಕೇ ನಿಲ್ಲಿಸಿಬಿಡುತ್ತಾರೆ. ಬೆಳಕಿನ ಸೆನ್ಸರ್ ಇದ್ದರೂ ಅದನ್ನು ಪರದೆಯ ಚೌಕಟ್ಟಿಗೇ ಹಚ್ಚಿದ್ದರೆ ಎದುರು ಕಟ್ಟಡದ ಗಾಜಿನಿಂದ ಮರಳಿದ ತನ್ನದೇ ಬೆಳಕನ್ನು ನೋಡಿ ಇನ್ನೂ ಹಗಲೆಂದೇ ನಂಬುತ್ತದೆ. ಸೂರ್ಯಾಸ್ತದ ವೇಳೆಯನ್ನು ದಿನಾಂಕದಿಂದ ಲೆಕ್ಕಹಾಕುವ ಟೈಮರ್ ಹೆಚ್ಚು ನಂಬಿಕೆಗೆ ಅರ್ಹ.

ಕಿಟಕಿಗೆ ಬೀಳುವ ಬೆಳಕಿನದು ಬೇರೆ ಕತೆ. ಬೀದಿದೀಪ ಮತ್ತು ಚಲಿಸುವ ಪರದೆಗಳಿಂದ ಮನೆಯ ಕಿಟಕಿಯ ಮೇಲೆ ಬೀಳುವ ಬೆಳಕು ಮೊದಲ ಮೂರು ವಲಯಗಳಲ್ಲಿ 10 ಲಕ್ಸ್, ವಾಣಿಜ್ಯ ವಲಯದಲ್ಲಿ 25 ಲಕ್ಸ್ ಮೀರಬಾರದೆಂದು ಕೊರಿಯಾ ಹೇಳುತ್ತದೆ. ಅಂತಾರಾಷ್ಟ್ರೀಯ ಮಾರ್ಗದರ್ಶಿಯಲ್ಲಿ ತಡರಾತ್ರಿಯ ಮಿತಿ ಊರಂಚಿನ ಬಡಾವಣೆಗೆ 2, ನಗರ ಕೇಂದ್ರಕ್ಕೆ 5 ಲಕ್ಸ್. ಹುಣ್ಣಿಮೆಯ ಬೆಳಕು ಕಾಲು ಲಕ್ಸ್‌ನಷ್ಟು ಎಂಬುದನ್ನು ನೆನೆದರೆ 10 ಲಕ್ಸ್ ಎಷ್ಟು ಸಡಿಲವೆಂದು ತಿಳಿಯುತ್ತದೆ. ಅಲಂಕಾರದ ಬೆಳಕಿಗೆ ಈ ಕಿಟಕಿಯ ಮಿತಿ ಇಲ್ಲವೇ ಇಲ್ಲ, ಗೋಡೆಯ ಹೊಳಪಿನ ಮಿತಿ ಮಾತ್ರ. ಸಿಯೋಲ್‌ನ ಏರ್ಪಾಡಿನಲ್ಲಿ ಕಾಣುವ ದೊಡ್ಡ ಬಿರುಕು ಇದು.

ಜಾರಿಯ ಕೆಲಸ ಜಿಲ್ಲಾ ಕಚೇರಿಗಳದು. ನಗರದೊಳಗಿನ ಈ ಜಿಲ್ಲೆಗಳಿಗೆ ಅಲ್ಲಿ ಗು ಎನ್ನುತ್ತಾರೆ. ದೊಡ್ಡ ಹೊಸ ಅಲಂಕಾರಗಳ ನಕ್ಷೆಯನ್ನು ಹಾಕುವ ಮೊದಲೇ ನಗರದ ಬೆಳಕಿನ ಸಮಿತಿ ನೋಡುತ್ತದೆ. ಮಿತಿ ಮೀರಿದರೆ ಸರಿಪಡಿಸುವ ಆದೇಶ, ಬಗ್ಗದಿದ್ದರೆ ದೀಪ ಬಳಸದಂತೆ ಆದೇಶ ಮತ್ತು ದಂಡ. ವಲಯ ಘೋಷಣೆಗೆ ಮೊದಲೇ ಇದ್ದ ದೀಪಗಳಿಗೆ ಹೊಂದಿಸಿಕೊಳ್ಳಲು ಕಾಲಾವಕಾಶ ಕೊಡಲಾಗಿತ್ತು. ಹೊಸತಕ್ಕೆ ಬಿಗಿ, ಹಳೆಯದಕ್ಕೆ ಸಡಿಲ ಎಂಬ ಈ ಅವಧಿಯಲ್ಲಿ ಹೊಸ ಅಂಗಡಿಯವರ ಅಸಮಾಧಾನ ಸಹಜ. ಪಕ್ಕದವರಿಗಿಂತ ಮಂಕಾಗಿ ಕಾಣುವುದು ಯಾವ ವ್ಯಾಪಾರಿಗೂ ಬೇಡ. ಅವರಿಗೆ ಹೇಳಬಹುದಾದ ಒಂದು ಸತ್ಯವಿದೆ. ಹೊಳಪನ್ನು ಅರ್ಧಕ್ಕೆ ಇಳಿಸಿದರೂ ಕಣ್ಣಿಗೆ ಸುಮಾರು ಐದನೇ ಒಂದು ಭಾಗ ಮಾತ್ರ ಇಳಿದಂತೆ ಕಾಣುತ್ತದೆ. ಬೀದಿಯ ಎಲ್ಲರೂ ಒಟ್ಟಿಗೆ ಇಳಿಸಿದರೆ ಅದೂ ಗಮನಕ್ಕೆ ಬರುವುದಿಲ್ಲ.

ಮೀಟರೇ ಬೇಡದ ದಾರಿಯೂ ಒಂದಿದೆ: ಗಡಿಯಾರ. ಫ್ರಾನ್ಸಿನ 2018ರ ಡಿಸೆಂಬರ್ ಆದೇಶದಂತೆ ಕಟ್ಟಡಗಳ ಮುಂಭಾಗದ ಬೆಳಕು ತಡವೆಂದರೆ ರಾತ್ರಿ 1 ಗಂಟೆಗೆ ಆರಬೇಕು. ಹಾಂಗ್‌ಕಾಂಗ್ 2016ರಲ್ಲಿ ಸ್ವಯಂಪ್ರೇರಿತ ಒಪ್ಪಂದವೊಂದನ್ನು ತಂದಿತು. ಆಗ ಸಹಿ ಹಾಕಿದವರು ರಾತ್ರಿ 11 ಅಥವಾ 12ಕ್ಕೆ ಅಲಂಕಾರದ ದೀಪ ಆರಿಸಬೇಕಿತ್ತು, ಹಾಕದವರನ್ನು ಕೇಳುವಂತಿರಲಿಲ್ಲ. ನಮ್ಮ ಮೈಸೂರು ಅರಮನೆಯೂ ಈ ಸಾಲಿಗೇ ಸೇರುತ್ತದೆ ಎನ್ನಬಹುದು. ಲಕ್ಷದ ಹತ್ತಿರದಷ್ಟು ಬಲ್ಬುಗಳಿದ್ದರೂ ಅದು ಉರಿಯುವುದು ಮುಖ್ಯವಾಗಿ ಭಾನುವಾರ ಮತ್ತು ರಜಾದಿನಗಳ ಸಂಜೆ ಸ್ವಲ್ಪ ಹೊತ್ತು. ಯಾರ ನಿದ್ದೆಯೂ ಅದರಿಂದ ಕೆಟ್ಟಿಲ್ಲ.

ಭಾರತದಲ್ಲಿ ಬೆಳಕಿನ ಮಾಲಿನ್ಯಕ್ಕೆಂದೇ ಕೇಂದ್ರದ ಕಾಯ್ದೆ ಇಲ್ಲ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇದೆಯೇ ಎಂದು ನೋಡಲು ಟೇಪು ಸಾಕು. ಅದೇ ಫಲಕದ ಹೊಳಪು ನೋಡಲು ಟೇಪು ಸಾಲದು. ಹಾಗೆಂದು ಪಾಲಿಕೆಯೊಂದು ಮೊದಲ ದಿನವೇ ಹೊಳಪು ಮೀಟರ್ ಕೊಳ್ಳಬೇಕಿಲ್ಲ. ಆರಿಸುವ ವೇಳೆಯಿಂದ ಶುರುಮಾಡಿ, ಆಮೇಲೆ ಪರದೆಗೆ ಲಕ್ಸ್ ವ್ಯತ್ಯಾಸದ ನಿಯಮ ತಂದು, ಮುಂಭಾಗದ ನಿಟ್ ಮಿತಿಯನ್ನು ಕೊನೆಗೆ ಮುಟ್ಟುವುದು ಸರಿಯಾದ ಅನುಕ್ರಮ. ಪರವಾನಗಿ ಕೊಡುವಾಗ ಮಂದಗೊಳಿಸುವ ಕಂಟ್ರೋಲರ್ ಇಲ್ಲದ ಅಲಂಕಾರಕ್ಕೆ ಒಪ್ಪಿಗೆ ಕೊಡಬಾರದು. ಅದಿಲ್ಲದಿದ್ದರೆ ನಾಳೆ ಸರಿಪಡಿಸಿ ಎಂದಾಗ ಇರುವ ದಾರಿ ಪೂರ್ತಿ ಬಿಚ್ಚುವುದೊಂದೇ. ದೂಳು ಕೂತು ಬೆಳಕು ತಗ್ಗುತ್ತದೆಂದು ವಿನ್ಯಾಸಕಾರರು ಶುರುವಿಗೇ ಕಾಲುಪಾಲು ಹೆಚ್ಚಿಟ್ಟಿರುತ್ತಾರೆ, ಹಾಗಾಗಿ ಮೊದಲ ಅಳತೆಯನ್ನು ಹೊಸ ದೀಪದ ಮೇಲೆಯೇ ಮಾಡಬೇಕು. ಮಳೆ ಬಂದ ರಾತ್ರಿ ಅಳೆಯಬಾರದು. ಒದ್ದೆ ರಸ್ತೆ ಬೆಳಕನ್ನು ಮೇಲಕ್ಕೆ ತಿರುಗಿಸಿ ಅಂಕಿ ಕೆಡಿಸುತ್ತದೆ. ಲಕ್ಸ್ ಮೀಟರ್ ಕೊಳ್ಳುವಾಗ 0.01 ಲಕ್ಸ್‌ವರೆಗೆ ತೋರಿಸುವುದನ್ನೇ ಆರಿಸಿ, ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪ್ರಮಾಣಪತ್ರವನ್ನು ನೋಟಿಸಿನ ಜೊತೆಗೇ ಇಡಬೇಕು. ಮಾಲೀಕರ ವಕೀಲರು ಮೊದಲು ಕೇಳುವುದು ಅದನ್ನೇ.